ಕೂಂಡಿ ಮೂರುಸಾಸಿರ: ಘಟಪ್ರಭೆಯ ದಂಡೆಯಲ್ಲಿ ಒಂದು ಪ್ರಾಂತ್ಯದ ಉಳಿಕೆಗಳು

ಉತ್ತರ ಆಫ್ರಿಕದ ಅಲ್ಜೀರಿಯದಲ್ಲಿ ಟಿಮ್‌ಗಾಡ್ ಎಂಬ ಹಾಳೂರೊಂದಿದೆ. ರೋಮನ್ ಚಕ್ರವರ್ತಿ ಟ್ರಾಜನ್ ಕ್ರಿ.ಶ. 100ರಲ್ಲಿ ನಿವೃತ್ತ ಸೈನಿಕರ ನೆಲೆಗಾಗಿ ಕಟ್ಟಿಸಿದ ಪ್ರಾಂತೀಯ ನಗರವದು. ಪಗಡೆಯ ಹಾಸಿನಂತೆ ಚೌಕಚೌಕವಾಗಿ ಹಾಯುವ ಬೀದಿಗಳು, ಪೌರರು ಸೇರುತ್ತಿದ್ದ ಚಾವಡಿ, ಸುಮಾರು 3,500 ಜನ ಕೂರಬಹುದಾಗಿದ್ದ ರಂಗಮಂದಿರ, ಸ್ನಾನಗೃಹಗಳು, ಒಂದು ಗ್ರಂಥಾಲಯ ಇವೆಲ್ಲದರ ತಳಪಾಯಗಳೂ ಕಂಬಗಳೂ ಇಂದಿಗೂ ನಿಂತಿವೆ. ಗ್ರಂಥಾಲಯಕ್ಕೆ 4,00,000 ಸೆಸ್ಟರ್ಸ್ ನಾಣ್ಯಗಳನ್ನು ಕೊಟ್ಟವನು ರೊಗಾಟಿಯಾನಸ್ ಎಂಬ ಪ್ರಜೆ ಎಂಬುದನ್ನು ಅಲ್ಲಿಯ ಶಿಲಾಲೇಖವೇ ಹೇಳುತ್ತದೆ. ರಾಜಧಾನಿಯಾದ ರೋಮಿನ ವೈಭವವನ್ನು ಕುರಿತು ಗ್ರಂಥಗಳು ಹೇಳದ ಅನೇಕ ಸಂಗತಿಗಳನ್ನು ಈ ಚಿಕ್ಕ ಊರಿನ ಕಲ್ಲುಗಳು ಹೇಳುತ್ತವೆ. ಸಾಮ್ರಾಜ್ಯವೆಂಬುದು ರಾಜಧಾನಿಯಲ್ಲಿ ಹೇಗೆ ಮೆರೆಯಿತು ಎಂಬುದಕ್ಕಿಂತ ಪ್ರಾಂತ್ಯದಲ್ಲಿ ಹೇಗೆ ಬದುಕಿತು ಎಂಬುದು ಇತಿಹಾಸಕಾರನಿಗೆ ಹೆಚ್ಚಿನ ಪ್ರಶ್ನೆ. ಅದಕ್ಕೆ ಉತ್ತರ ದೊರೆಯುವುದು ಇಂತಹ ಹಾಳೂರುಗಳಲ್ಲಿ.

ಇದೇ ಪ್ರಶ್ನೆಯನ್ನು ಕನ್ನಡ ನಾಡಿನ ಒಂದು ಪ್ರಾಂತ್ಯಕ್ಕೆ ಅನ್ವಯಿಸಿ ನೋಡಬಹುದು. ಇಂದಿನ ಬೆಳಗಾವಿ ಜಿಲ್ಲೆಯ ಬಹುಭಾಗವನ್ನು ಒಳಗೊಂಡು ಮಲಪ್ರಭೆ, ಘಟಪ್ರಭೆಗಳ ನಡುವೆಯೂ ಅವುಗಳ ಆಚೀಚೆಗೂ ಹರಡಿದ್ದ ನಾಡನ್ನು ಶಾಸನಗಳು ಕೂಂಡಿ ಮೂರುಸಾಸಿರ ಎಂದು ಕರೆಯುತ್ತವೆ. ಮಾನ್ಯಖೇಟದ ರಾಷ್ಟ್ರಕೂಟರಿಗೂ ಅವರ ತರುವಾಯ ಕಲ್ಯಾಣದ ಚಾಲುಕ್ಯರಿಗೂ ಇದು ಪ್ರಾಂತ್ಯ. ಗೋಕಾಕ, ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿ ಹಾಗೂ ಹುಕ್ಕೇರಿ ಈ ಮೂರೂ ತಾಲ್ಲೂಕುಗಳ ನೆಲ ಆ ಪ್ರಾಂತ್ಯದ ನಡುಭಾಗದಲ್ಲಿದೆ. ಮೂರು ಶತಮಾನಗಳಿಗೂ ಮಿಕ್ಕಿ ಇಲ್ಲಿ ಮಾಂಡಲಿಕರು ಆಳಿದರು, ವರ್ತಕರು ವ್ಯವಹರಿಸಿದರು, ಮುನಿಗಳು ಬೋಧಿಸಿದರು, ಕವಿಗಳು ಕಾವ್ಯ ರಚಿಸಿದರು. ಆದರೂ ಇಲ್ಲಿ ಟಿಮ್‌ಗಾಡಿನಂತಹ ಒಂದು ಹಾಳೂರು ಇಲ್ಲ. ಪ್ರವಾಸಿಗೆ ತೋರಿಸಬಹುದಾದ ಒಂದು ಬೀದಿಯಾಗಲಿ, ಒಂದು ಅರಮನೆಯ ಗೋಡೆಯಾಗಲಿ ಇಲ್ಲ. ಹಾಗಾದರೆ ಈ ಪ್ರಾಂತ್ಯದ ಪಟ್ಟಣಗಳು ಎಲ್ಲಿ ಹೋದವು? ಅವುಗಳಲ್ಲಿ ಉಳಿದಿರುವುದೇನು?

ಪ್ರಾಂತ್ಯದ ಸ್ವರೂಪ

ಕೂಂಡಿಯ ಒಡೆಯರಾಗಿದ್ದವರು ರಟ್ಟರು. ಲತ್ತಲೂರ್ ಪುರವರಾಧೀಶ್ವರ ಎಂಬ ಅವರ ಬಿರುದು ರಾಷ್ಟ್ರಕೂಟರೊಡನೆ ಅವರು ಹೇಳಿಕೊಳ್ಳುತ್ತಿದ್ದ ನಂಟನ್ನು ಸೂಚಿಸುತ್ತದೆ. ಸವದತ್ತಿಯ ಶಾಸನದ ಪ್ರಕಾರ ಈ ಮನೆತನದ ಪೃಥ್ವೀರಾಮನು ಮೊದಲು ಒಬ್ಬ ಜೈನ ಮುನಿಯ ಶಿಷ್ಯನಾಗಿದ್ದು, ಬಳಿಕ ರಾಷ್ಟ್ರಕೂಟ ಕೃಷ್ಣನ ಅನುಗ್ರಹದಿಂದ ಮಾಂಡಲಿಕ ಪದವಿಗೇರಿದನು. ಅವನ ವಂಶದ ಶಾಂತಿವರ್ಮನು 980ರಲ್ಲಿ ಸುಗಂಧವರ್ತಿಯಲ್ಲಿ, ಎಂದರೆ ಇಂದಿನ ಸವದತ್ತಿಯಲ್ಲಿ, ಜಿನಾಲಯಕ್ಕೆ ಭೂದಾನ ಮಾಡಿದನು. ಆ ವೇಳೆಗೆ ರಾಷ್ಟ್ರಕೂಟರು ಅಳಿದು ಚಾಲುಕ್ಯರು ಬಂದಿದ್ದರು. ಚಕ್ರವರ್ತಿಗಳ ಮನೆತನ ಬದಲಾದರೂ ಪ್ರಾಂತ್ಯದಲ್ಲಿ ರಟ್ಟರು ಹಾಗೆಯೇ ಉಳಿದರು. 12ನೆಯ ಶತಮಾನದ ಕೊನೆಯ ಹೊತ್ತಿಗೆ ಅವರ ರಾಜಧಾನಿ ಸುಗಂಧವರ್ತಿಯಿಂದ ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ, ಸಾಗಿತ್ತು. ಅಲ್ಲಿ ನಾಲ್ಕನೆಯ ಕಾರ್ತವೀರ್ಯನು ತಮ್ಮ ಮಲ್ಲಿಕಾರ್ಜುನನನ್ನು ಯುವರಾಜನನ್ನಾಗಿ ಇರಿಸಿಕೊಂಡು ಆಳಿದನು.

ಮೂರುಸಾಸಿರ ಎಂಬ ಸಂಖ್ಯೆ ಹಳ್ಳಿಗಳದೋ, ಆದಾಯದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಸಂಖ್ಯೆಯ ಅರ್ಥ ಏನೇ ಇರಲಿ, ನಾಡು ಹಲವು ಕಂಪಣಗಳಾಗಿಯೂ ಪ್ರತಿ ಕಂಪಣವೂ ಒಂದು ಮುಖ್ಯ ಊರನ್ನು ಕುರಿತು ಸಂಘಟಿತವಾಗಿಯೂ ಇತ್ತೆಂಬುದು ಶಾಸನಗಳಿಂದ ಸ್ಪಷ್ಟ. ಅಂತಹ ಊರಿಗೆ ಗಾವುಂಡನಿದ್ದ, ಸಂತೆಯಿತ್ತು, ಬಸದಿಯೋ ಶಿವಾಲಯವೋ ಎರಡೂ ಇದ್ದವೋ, ಕೆರೆಯಿತ್ತು. ಇವೇ ಕೂಂಡಿಯ ಪ್ರಾಂತೀಯ ಪಟ್ಟಣಗಳು.

ಕಲ್ಲಾಗದೆ ಹೋದ ಊರು

ರೋಮನ್ ಪ್ರಾಂತ್ಯದಲ್ಲಿ ಊರಿನ ಸಿರಿವಂತರು ಪೌರಸಭೆಯ ಸ್ಥಾನಮಾನಗಳಿಗಾಗಿ ಸ್ನಾನಗೃಹ, ರಂಗಮಂದಿರ, ಕಮಾನುಗಳನ್ನು ಕಟ್ಟಿಸುತ್ತಿದ್ದರು. ಕೀರ್ತಿಯ ದಾರಿ ಅಲ್ಲಿ ನಾಗರಿಕ ಕಟ್ಟಡಗಳ ಮೂಲಕ ಹಾಯುತ್ತಿತ್ತು. ಅವು ಕಲ್ಲು, ಇಟ್ಟಿಗೆ, ಗಾರೆಗಳಿಂದಾದವು; ಆದ್ದರಿಂದ ಉಳಿದವು. ಕನ್ನಡ ನಾಡಿನಲ್ಲಿ ಸಿರಿವಂತನ ಕೀರ್ತಿಯ ದಾರಿ ಬೇರೆ. ಅವನು ಬಸದಿ ಎತ್ತಿಸಿದ, ಶಿವಾಲಯ ಕಟ್ಟಿಸಿದ, ಕೆರೆ ತೋಡಿಸಿದ, ಸತ್ರಕ್ಕೆ ಗದ್ದೆ ಬಿಟ್ಟ, ವೀರನ ನೆನಪಿಗೆ ಕಲ್ಲು ನಿಲಿಸಿದ. ತಾನು ವಾಸಿಸುವ ಮನೆಯನ್ನು ಮಾತ್ರ ಮಣ್ಣು, ಮರಗಳಿಂದಲೇ ಕಟ್ಟಿಕೊಂಡ. ಅರಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಮಳೆ, ಗೆದ್ದಲು, ಬೆಂಕಿಗಳಿಗೆ ಮನುಷ್ಯನ ಮನೆ ಸಂದಿತು. ದೇವರ ಮನೆ ಉಳಿಯಿತು.

ದೇವರ ಮನೆಗಿಂತಲೂ ಗಟ್ಟಿಯಾಗಿ ಉಳಿದದ್ದು ಮತ್ತೊಂದಿದೆ: ದಾನಶಾಸನ. ತೆರಿಗೆಯಿಲ್ಲದ ಭೂಮಿಯನ್ನು ದಾನ ಕೊಟ್ಟಾಗ ಅದರ ನಾಲ್ಕು ದಿಕ್ಕಿನ ಎಲ್ಲೆ, ಅಳತೆಯ ಕೋಲು, ಪಡೆದ ಆಚಾರ್ಯ, ಒಪ್ಪಿದ ಅಧಿಕಾರಿ, ಸಾಕ್ಷಿಯಾದ ಊರವರು ಇವೆಲ್ಲವನ್ನೂ ಚಂದ್ರಸೂರ್ಯರಿರುವವರೆಗೆ ಅಳಿಯದಂತೆ ಬರೆಯಬೇಕಾಗಿತ್ತು. ಮುಂದಿನ ದೊರೆ, ಮುಂದಿನ ಗಾವುಂಡ ಅದನ್ನು ಕಸಿಯಬಾರದೆಂಬ ಭಯವೇ ಈ ಬರವಣಿಗೆಯ ಮೂಲ. ಆ ಭಯದಿಂದ ಹುಟ್ಟಿದ ಕಲ್ಲುಗಳು ಇಂದು ಆ ಊರುಗಳ ದಫ್ತರವಾಗಿ ಪರಿಣಮಿಸಿವೆ. ಟಿಮ್‌ಗಾಡಿನಲ್ಲಿ ಬೀದಿ ಉಳಿದಿದೆ, ಬೀದಿಯಲ್ಲಿ ನಡೆದವರ ಮಾತು ವಿರಳ. ಕೂಂಡಿಯಲ್ಲಿ ಬೀದಿ ಉಳಿದಿಲ್ಲ, ಅಲ್ಲಿ ನಡೆದವರ ಮಾತು ಉಳಿದಿದೆ.

ಕೆಳಗಿನ ಪದರಗಳು

ರಟ್ಟರಿಗಿಂತ ಹಿಂದೆಯೂ ಈ ನೆಲದಲ್ಲಿ ಜನವಸತಿ ದಟ್ಟವಾಗಿತ್ತು. ಗೋಕಾಕ ಜಲಪಾತಕ್ಕೆ ಸಮೀಪದ ಕೊಣ್ಣೂರಿನ ಗುಡ್ಡಗಳ ಅಡಿಯಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಅಗಲವಾದ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಈ ಕೋಣೆಗಳನ್ನು 1884ರ ಬೆಳಗಾವಿ ಗೆಜೆಟಿಯರ್ ಗುರುತಿಸಿತು. ಅ. ಸುಂದರ ಅವರ ಅಧ್ಯಯನದಿಂದ ಅವು ದಕ್ಷಿಣ ಭಾರತದ ಕೋಣೆಗೋರಿಗಳ ಪರಂಪರೆಯಲ್ಲಿ ತಮ್ಮ ಸ್ಥಾನ ಪಡೆದವು. ಊರು ಯಾವುದೋ ತಿಳಿಯದು, ಊರವರ ಸಮಾಧಿ ಮಾತ್ರ ಉಳಿದಿದೆ. ಬದುಕಿನ ಮನೆಗೆ ಮಣ್ಣು, ಸಾವಿನ ಮನೆಗೆ ಕಲ್ಲು ಎಂಬ ಕ್ರಮ ಅಷ್ಟು ಹಳೆಯದು.

ರೋಮನ್ ಸಾಮ್ರಾಜ್ಯ ಉತ್ಕರ್ಷದಲ್ಲಿದ್ದ ಕಾಲಕ್ಕೆ ಕನ್ನಡ ನಾಡಿನ ಬಹುಭಾಗ ಸಾತವಾಹನರ ಅಧೀನದಲ್ಲಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತು ಎರಡು ಲೋಕಗಳ ವ್ಯಾಪಾರ ಸಂಬಂಧವನ್ನು ಸ್ಥಾಪಿಸಿದವು. ಬೆಳಗಾವಿಗೆ ಅಂಟಿಕೊಂಡಿರುವ ವಡಗಾವಿ-ಮಾಧವಪುರದಲ್ಲಿ 1970ರ ದಶಕದಲ್ಲಿ ನಡೆದ ಉತ್ಖನನ ಸಾತವಾಹನ ಕಾಲದ ಒಂದು ಪಟ್ಟಣವನ್ನೇ ಬೆಳಕಿಗೆ ತಂದಿತು. ವೈದಿಕ ಯಜ್ಞಗಳನ್ನು ಹೆಸರಿಸುವ ಬ್ರಾಹ್ಮೀ ಲಿಪಿಯ ಸ್ತಂಭವೂ ಅಲ್ಲಿ ದೊರೆತಿದೆ. ಟಿಮ್‌ಗಾಡಿಗೆ ಸರಿಜೋಡಿಯಾಗಿ ಈ ಜಿಲ್ಲೆಯಲ್ಲಿ ಹೇಳಬಹುದಾದ ಪ್ರಾಚೀನ ನಗರ ಇದ್ದರೆ ಅದು ಇದೇ. ಆದರೆ ಅದರ ಮೇಲೆ ಇಂದಿನ ನಗರ ಬೆಳೆದು ನಿಂತಿದೆ.

ಬಳಿಕ ಕದಂಬರ ಕಾಲ. ಖಾನಾಪುರ ತಾಲ್ಲೂಕಿನ ಹಲಸಿ ಅಂದು ಪಲಾಶಿಕಾ. ಬನವಾಸಿಯ ದೊರೆಗಳಿಗೆ ಎರಡನೆಯ ರಾಜಧಾನಿಯಂತಿದ್ದ ಊರು. ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಅಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಸಂಘಗಳಿಗೂ ಭೂದಾನ ಮಾಡಿದನು. ಒಂದೇ ದಾನದಲ್ಲಿ ಮೂರು ಸಂಘಗಳು ಕೂಡಿರುವುದು ಅಂದಿನ ಜೈನ ಸಮಾಜದ ಒಳವಿನ್ಯಾಸವನ್ನು ಅರಿಯಲು ಬಹು ಮುಖ್ಯವಾದ ಆಧಾರ.

ಗೋಕಾಕದ ಹೆಸರಿನಿಂದಲೇ ಪ್ರಸಿದ್ಧವಾದ ತಾಮ್ರಪಟವೊಂದು ಈ ಪದರಕ್ಕೆ ಸೇರಿದೆ. ರಾಷ್ಟ್ರಕೂಟ ವಂಶದವನೆಂದು ಹೇಳಲಾದ ದೇಜ್ಜ ಮಹಾರಾಜನ ಅಧೀನನಾಗಿದ್ದ ಸೇಂದ್ರಕ ಕುಲದ ಇಂದ್ರಣಂದನು ಜಂಬುಖಂಡಿ ಗಣದ ಆರ್ಯಣಂದಿ ಎಂಬ ಆಚಾರ್ಯನಿಗೆ ಭೂಮಿಯನ್ನು ಕೊಟ್ಟ ಸಂಗತಿ ಅದರಲ್ಲಿದೆ. ಅರ್ಹಂತರ ಪೂಜೆ ಮತ್ತು ವಿದ್ವಾಂಸರಾದ ತಪಸ್ವಿಗಳ ಪೋಷಣೆ ಆ ದಾನದ ಉದ್ದೇಶ. ಮಾನ್ಯಖೇಟದ ರಾಷ್ಟ್ರಕೂಟರು ಉದಯಿಸುವ ಮೊದಲೇ ರಾಷ್ಟ್ರಕೂಟ ಎಂಬ ಹೆಸರಿನ ದೊರೆಯೊಬ್ಬ ಈ ಭಾಗದಲ್ಲಿದ್ದನೆಂಬುದು ಇದರ ಒಂದು ಮಹತ್ವ. ಆಗುಪ್ತಾಯಿಕ ಎಂಬ, ಬೇರೆಡೆ ಬಳಕೆಯಲ್ಲಿ ಕಾಣದ ಗಣನೆಯ 845ನೆಯ ವರ್ಷವನ್ನು ಹೇಳುತ್ತಿರುವುದು ಇನ್ನೊಂದು. ಜಂಬುಖಂಡಿ ಎಂಬ ಗಣದ ಹೆಸರು ಇಂದಿನ ಜಮಖಂಡಿಯನ್ನು ನೆನಪಿಗೆ ತರುತ್ತದೆ. ಊರಿನ ಹೆಸರೊಂದು ಮುನಿಗಣದ ಹೆಸರಾಗುವಷ್ಟು ಜೈನಧರ್ಮ ಘಟಪ್ರಭೆ-ಕೃಷ್ಣೆಗಳ ನಡುವಿನ ನೆಲದಲ್ಲಿ ಬೇರೂರಿತ್ತೆಂದು ಊಹಿಸಲು ಇದು ಎಡೆಗೊಡುತ್ತದೆ.

ಕೊಂಡನೂರು

ಕಲ್ಲುಗೋರಿಗಳ ಕೊಣ್ಣೂರೇ ಶಾಸನಗಳ ಕೊಂಡನೂರು. ಅಲ್ಲಿಯ ಶಾಸನವನ್ನು ರಟ್ಟರ ಇತರ ಶಾಸನಗಳೊಡನೆ ಜೆ. ಎಫ್. ಫ್ಲೀಟ್ 19ನೆಯ ಶತಮಾನದಲ್ಲಿಯೇ ಪ್ರಕಟಿಸಿದರು. ಮುಂಬಯಿ ಸರಕಾರದ ಅಧಿಕಾರಿಯಾಗಿ ಬಂದು ಕನ್ನಡ ಕಲಿತು ಶಾಸನಶಾಸ್ತ್ರಕ್ಕೆ ಜೀವನವನ್ನು ಮುಡಿಪಿಟ್ಟ ಈ ವಿದ್ವಾಂಸನ ಓದುಗಳಿಲ್ಲದಿದ್ದರೆ ರಟ್ಟರ ವಂಶಾವಳಿಯನ್ನು ನಾವು ಇಷ್ಟು ಕ್ರಮವಾಗಿ ಹೇಳಲಾಗುತ್ತಿರಲಿಲ್ಲ.

ಈ ಶಾಸನದಲ್ಲಿ ಎರಡು ಕಾಲದ ದಾನಗಳಿವೆ. ಒಂದು 1087ರದು, ಇನ್ನೊಂದು 1121ರದು. ಎರಡೂ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಗೆ ಸೇರಿದವು. ಅವನ ಮಗ ಜಯಕರ್ಣನ ಹೆಸರೂ ರಟ್ಟ ಮಾಂಡಲಿಕರ ಹೆಸರೂ ಇಲ್ಲಿ ಬರುತ್ತವೆ. ಆದರೆ ಶಾಸನದ ನಿಜವಾದ ನಾಯಕ ಇವರಾರೂ ಅಲ್ಲ. ಕೊಂಡನೂರಿನ ಒಡೆಯನಾದ ನಿಧಿಯಮ ಗಾವುಂಡ. ಊರಿನಲ್ಲಿ ಜಿನಾಲಯವನ್ನು ಕಟ್ಟಿಸಿದವನು ಅವನು. ದಾನ ಸಂದದ್ದು ಬಲಾತ್ಕಾರಗಣದ ಆಚಾರ್ಯ ಪರಂಪರೆಗೆ.

ಈ ಒಂದು ಕಲ್ಲಿನಲ್ಲಿ ಸಾಮ್ರಾಜ್ಯದ ಮೆಟ್ಟಿಲುಗಳೆಲ್ಲ ಕಾಣುತ್ತವೆ. ಮೇಲೆ ಕಲ್ಯಾಣದ ಚಕ್ರವರ್ತಿ, ಅವನ ಕೆಳಗೆ ರಾಜಕುಮಾರ, ಅವನ ಕೆಳಗೆ ಮಾಂಡಲಿಕ, ಕೊನೆಗೆ ಗಾವುಂಡ. ಆದರೆ ಕಟ್ಟುವ ಕೆಲಸ ಆರಂಭವಾದದ್ದು ಕೊನೆಯ ಮೆಟ್ಟಿಲಿನಿಂದ. ಮೇಲಿನವರು ಬಂದದ್ದು ಒಪ್ಪಿಗೆ ನೀಡಲು, ದಾನಕ್ಕೆ ದಾನ ಸೇರಿಸಲು. ಪ್ರಾಂತ್ಯದ ಪಟ್ಟಣ ರಾಜಾಜ್ಞೆಯಿಂದ ಒಮ್ಮೆಲೇ ಎದ್ದುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಟಿಮ್‌ಗಾಡ್ ಚಕ್ರವರ್ತಿಯ ನಕ್ಷೆಯಿಂದ ಹುಟ್ಟಿತು, ಕೊಂಡನೂರು ಗಾವುಂಡನ ಶ್ರದ್ಧೆಯಿಂದ ಬೆಳೆಯಿತು.

ಕೊಣ್ಣೂರಿನಿಂದ ಅನತಿದೂರದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಜಲಪಾತದ ಬಳಿ ಚಾಲುಕ್ಯ ಶೈಲಿಯ ಹಳೆಯ ದೇವಾಲಯಗಳಿವೆ. ಅವುಗಳಲ್ಲಿ ಮಹಾಲಿಂಗೇಶ್ವರನ ಗುಡಿ ಪ್ರಸಿದ್ಧವಾದುದು. ನದಿಯ ಒಂದೇ ತಿರುವಿನ ಸುತ್ತ ಶಿಲಾಯುಗದ ಗೋರಿ, ಗಾವುಂಡನ ಜಿನಾಲಯ, ಶೈವ ದೇಗುಲ ಮತ್ತು 1887ರಿಂದ ಜಲಪಾತದ ಬಲದಿಂದ ನಡೆದ ನೂಲಿನ ಗಿರಣಿ ನೆಲೆಗೊಂಡಿವೆ. ಹಿಂದಿನದನ್ನು ತೊರೆದು ಬೇರೆಡೆಗೆ ಹೋಗುವ ಬದಲು ಇದ್ದಲ್ಲಿಯೇ ಹೊಸದನ್ನು ಸೇರಿಸಿಕೊಳ್ಳುವುದು ಈ ನಾಡಿನ ವಸತಿಕ್ರಮ.

ಕಲ್ಪೊಳೆ

ಗೋಕಾಕದ ಉತ್ತರಕ್ಕೆ, ಇಂದಿನ ಮೂಡಲಗಿ ತಾಲ್ಲೂಕಿನಲ್ಲಿರುವ ಕಲ್ಲೋಳಿಯನ್ನು ಶಾಸನ ಸಿಂದನ ಕಲ್ಪೊಳೆ ಎನ್ನುತ್ತದೆ. ಅದು ಕೂಂಡಿ ಮೂರುಸಾಸಿರದ ಒಳಗಿನ ಕುರುಂಬೆಟ್ಟ ಕಂಪಣಕ್ಕೆ ಸೇರಿದ ಊರು. ಗೋಕಾಕ ತಾಲ್ಲೂಕಿನ ಶಿಂಧಿಕುರಬೇಟ ಎಂಬ ಊರಿನ ಹೆಸರಿನಲ್ಲಿ ಆ ಕಂಪಣದ ಹೆಸರು ಇಂದಿಗೂ ಕೇಳಿಸುತ್ತದೆ. ಕಟ್ಟಡ ಉರುಳಬಹುದು, ಕಲ್ಲು ಒಡೆಯಬಹುದು. ಜನರ ನಾಲಗೆಯ ಮೇಲಿನ ಊರಹೆಸರು ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಆದ್ದರಿಂದ ಸ್ಥಳನಾಮಗಳನ್ನೂ ಅವಶೇಷಗಳ ಪಟ್ಟಿಯಲ್ಲಿ ಸೇರಿಸುವುದು ನ್ಯಾಯ.

1204ರ ಈ ಶಾಸನ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು. ಹಗರಟಗೆ ನಾಡಿನ ಯಾದವ ವಂಶದ ರಾಜರಸನು ಕಲ್ಪೊಳೆಯಲ್ಲಿ ಶಾಂತಿನಾಥ ಜಿನಾಲಯವನ್ನು ಕಟ್ಟಿಸಿದನು. ಈ ಮನೆತನಕ್ಕೂ ರಟ್ಟರಿಗೂ ವೈವಾಹಿಕ ಸಂಬಂಧವಿತ್ತು. ಜಿನಾಲಯಕ್ಕೆ ದಾನವನ್ನು ಸ್ವೀಕರಿಸಿದ ಆಚಾರ್ಯ ಶುಭಚಂದ್ರ ಭಟ್ಟಾರಕ. ಮೂಲಸಂಘ, ಕುಂದಕುಂದಾನ್ವಯ, ಪುಸ್ತಕಗಚ್ಛದ ಹನಸೋಗೆ ಬಳಿಗೆ ಸೇರಿದವನು. ಹನಸೋಗೆ ಇರುವುದು ಮೈಸೂರು ಸೀಮೆಯಲ್ಲಿ, ಕಾವೇರಿಯ ಬಳಿ. ಕಾವೇರಿಯ ದಡದ ಊರಿನ ಹೆಸರು ಹೊತ್ತ ಮುನಿಪರಂಪರೆ ಘಟಪ್ರಭೆಯ ಸೀಮೆಯಲ್ಲಿ ಬಸದಿಯ ಹೊಣೆ ಹೊತ್ತಿತ್ತು. ರಾಜಕೀಯವಾಗಿ ನಾಡು ಹಲವು ಮಾಂಡಲಿಕರ ನಡುವೆ ಹಂಚಿಹೋಗಿದ್ದಾಗ ಅದನ್ನು ಒಂದಾಗಿ ಹೆಣೆದವುಗಳಲ್ಲಿ ಮುನಿಗಳ ವಿಹಾರವೂ ಒಂದು.

ರೊಗಾಟಿಯಾನಸನು ತನ್ನ ಊರಿಗೆ ಗ್ರಂಥಾಲಯ ಕೊಟ್ಟ, ರಾಜರಸನು ಕಲ್ಪೊಳೆಗೆ ಬಸದಿ ಕೊಟ್ಟ. ಎರಡೂ ದಾನಗಳು ನೋಟಕ್ಕೆ ಬೇರೆಬೇರೆಯಾಗಿ ತೋರಿದರೂ ಫಲದಲ್ಲಿ ಅಷ್ಟು ದೂರವಲ್ಲ. ಜೈನ ಪರಂಪರೆಯಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಿಗೆ ಅಗ್ರಸ್ಥಾನ. ಬಸದಿಗೆ ಬಿಟ್ಟ ಭೂಮಿಯ ಹುಟ್ಟುವಳಿ ಪೂಜೆಗೂ ಜೀರ್ಣೋದ್ಧಾರಕ್ಕೂ ಮುನಿಗಳ ಆಹಾರಕ್ಕೂ ಸಲ್ಲುತ್ತಿತ್ತು. ಓದು, ಪ್ರತಿ ಎತ್ತುವುದು, ಬೋಧಿಸುವುದು ಇವುಗಳಿಗೂ ಬಸದಿಯೇ ಆಸರೆ. ಊರಿನ ಅನ್ನಛತ್ರ, ಪಾಠಶಾಲೆ, ಗ್ರಂಥಭಂಡಾರಗಳು ಒಂದೇ ಸೂರಿನಡಿ ಇದ್ದ ಸಂಸ್ಥೆಯನ್ನು ಕೇವಲ ಪೂಜಾಗೃಹವೆಂದು ಎಣಿಸುವುದು ತಪ್ಪಾಗುತ್ತದೆ.

ವೇಣುಗ್ರಾಮದ ಸಂತೆ

ಅದೇ 1204ರಲ್ಲಿ ಬೆಳಗಾವಿಯಲ್ಲಿ ಬರೆದ ಎರಡು ಶಾಸನಗಳು ಪ್ರಾಂತೀಯ ರಾಜಧಾನಿಯ ಪೇಟೆಯನ್ನೇ ಕಣ್ಣ ಮುಂದೆ ನಿಲ್ಲಿಸುತ್ತವೆ. ಕಾರ್ತವೀರ್ಯನ ಅಧಿಕಾರಿ ಬೀಚಣನು ಅಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದನು. ಅದಕ್ಕೆ ದೊರೆ ಕೊಟ್ಟ ದಾನ ಒಂದೆಡೆ, ಪೇಟೆಯವರು ತಾವಾಗಿ ಒಪ್ಪಿಕೊಂಡ ಸುಂಕಗಳು ಇನ್ನೊಂದೆಡೆ. ಸ್ಥಳೀಯ ಸೆಟ್ಟಿಗಳೂ ಮುಮ್ಮುರಿದಂಡರೂ ಮಾತ್ರವಲ್ಲ, ಗುಜರಾತಿನ ಕಡೆಯ ಲಾಳರೂ ಮಲೆಯಾಳ ವರ್ತಕರೂ ಆ ಒಪ್ಪಂದದಲ್ಲಿ ಪಾಲುಗೊಂಡಿದ್ದಾರೆ. ಕುದುರೆ, ಬಟ್ಟೆ, ಹತ್ತಿ, ಭತ್ತ, ಮೆಣಸು ಹೀಗೆ ಸರಕು ಸರಕಿಗೂ ಇಷ್ಟಿಷ್ಟು ಎಂದು ನಿಗದಿಯಾಗಿದೆ. ಅಕ್ಕಸಾಲಿಗರಿಗೂ ಅದರಲ್ಲಿ ಪಾಲಿದೆ. ಈ ಪಟ್ಟಿಯನ್ನು ಓದಿದವನಿಗೆ ಬೇರೆ ಉತ್ಖನನ ಬೇಕಿಲ್ಲ. ಪಶ್ಚಿಮ ಕರಾವಳಿಗೂ ಬಯಲುಸೀಮೆಗೂ ನಡುವೆ ಕುಳಿತ ಪೇಟೆಯ ಅಂಗಡಿಸಾಲು ಅಕ್ಷರಗಳಲ್ಲಿಯೇ ತೆರೆದುಕೊಳ್ಳುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಈ ಶಾಸನಗಳನ್ನು ರಚಿಸಿದವನು ಕವಿಕಂದರ್ಪ ಎಂಬ ಬಿರುದಿನ ಬಾಳಚಂದ್ರ. ಪಾರ್ಶ್ವನಾಥ ಪುರಾಣವನ್ನು ಬರೆದ ಪಾರ್ಶ್ವಪಂಡಿತನೂ ಇದೇ ರಟ್ಟ ಆಸ್ಥಾನಕ್ಕೆ ಸೇರಿದವನು. ಚಂಪೂಕಾವ್ಯದ ವೃತ್ತ, ಕಂದ, ಗದ್ಯಗಳ ಪಾಕವೇ ಭೂಮಿಯ ಎಲ್ಲೆಯನ್ನೂ ಸುಂಕದ ಪ್ರಮಾಣವನ್ನೂ ಹೇಳುವ ಕಲ್ಲಿನಲ್ಲಿಯೂ ಕಾಣುತ್ತದೆ. ಪ್ರಾಂತೀಯ ಆಸ್ಥಾನದ ಕವಿ ಪುರಾಣವನ್ನೂ ಬರೆಯಬೇಕಾಗಿತ್ತು, ಲೆಕ್ಕವನ್ನೂ ಬರೆಯಬೇಕಾಗಿತ್ತು. ಕಾವ್ಯ ಮತ್ತು ಶಾಸನಗಳನ್ನು ಎರಡು ಬೇರೆ ವಿಷಯಗಳೆಂದು ಪಠ್ಯಕ್ರಮ ಬೇರ್ಪಡಿಸಿದಾಗ ಈ ಸಂಬಂಧ ಮರೆಯಾಗುತ್ತದೆ.

ಬೆಳಗಾವಿಯ ಈ ಎರಡು ಕಲ್ಲುಗಳು ಇಂದು ಬೆಳಗಾವಿಯಲ್ಲಿಲ್ಲ. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಅಲ್ಲಿಯೇ ಬಾರ್ನೆಟ್ ಅವುಗಳನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಕೋಟೆಯೊಳಗಿನ ಕಮಲ ಬಸದಿ ತನ್ನ ಭುವನೇಶ್ವರಿಯ ಅರಳಿದ ಕಮಲದೊಡನೆ ಇಲ್ಲಿಯೇ ಉಳಿಯಿತು, ಆ ಕಾಲದ ಮಾತು ಕಡಲಾಚೆ ಹೋಯಿತು.

ಅಳಿವೋ, ಪರಿವರ್ತನೆಯೋ

1228ರ ಸವದತ್ತಿ ಶಾಸನ ಮುನಿಚಂದ್ರನೆಂಬ ಗುರುವನ್ನು ಹಾಡಿ ಹೊಗಳುತ್ತದೆ. ನಾಲ್ಕನೆಯ ಕಾರ್ತವೀರ್ಯನಿಗೂ ಅವನ ಮಗ ಎರಡನೆಯ ಲಕ್ಷ್ಮೀದೇವನಿಗೂ ಮಾರ್ಗದರ್ಶಕನಾಗಿದ್ದ ಅವನನ್ನು ರಟ್ಟರಾಜ್ಯವನ್ನು ನೆಲೆಗೊಳಿಸಿದ ಆಚಾರ್ಯನೆಂದು ಅದು ಬಣ್ಣಿಸುತ್ತದೆ. ಇಷ್ಟು ದೃಢವಾಗಿ ತೋರುವ ರಾಜ್ಯ ಮುಂದಿನ ಹತ್ತೇ ವರ್ಷಗಳಲ್ಲಿ ಇಲ್ಲವಾಯಿತು. ದೇವಗಿರಿಯ ಸೇಉಣ ಸಿಂಘಣನ ದಂಡನಾಯಕ ವೀಚಣನು ರಟ್ಟರನ್ನು ಸೋಲಿಸಿದ ಸಂಗತಿಯನ್ನು 1238ರ ಹರಳಹಳ್ಳಿ ತಾಮ್ರಪಟ ಹೇಳುತ್ತದೆ. ಅಲ್ಲಿಗೆ ಕೂಂಡಿಯ ಮಾಂಡಲಿಕ ಮನೆತನದ ಕಥೆ ಮುಗಿಯಿತು.

ಆದರೆ ಊರುಗಳ ಕಥೆ ಮುಗಿಯಲಿಲ್ಲ. ಹುಕ್ಕೇರಿಯನ್ನು ನೋಡಿದರೆ ಇದು ತಿಳಿಯುತ್ತದೆ. ಬಿಜಾಪುರದ ಆದಿಲ್‌ಶಾಹಿಗಳ ಕಾಲಕ್ಕೆ ಅದು ಸರದಾರರ ಠಾಣ್ಯವಾಗಿ ಬೆಳೆಯಿತು. ಇಂದಿಗೂ ಊರಿನ ಗುರುತಾಗಿ ನಿಂತಿರುವ ಗುಮ್ಮಟಗಳು ಆ ಕಾಲದವು. ಹೂವಿನ ಕೇರಿಯೇ ಹುಕ್ಕೇರಿಯಾಯಿತೆಂಬುದು ಜನರ ಹೇಳಿಕೆ. ಇಲ್ಲಿಯೂ ಅದೇ ಕ್ರಮ ಕಾಣುತ್ತದೆ: ಆಳಿದ ಸರದಾರರ ವಾಡೆಗಳು ಹೋದವು, ಸಮಾಧಿಗಳು ಉಳಿದವು. ಕೊಣ್ಣೂರಿನ ಕಲ್ಲುಗೋರಿಗೂ ಹುಕ್ಕೇರಿಯ ಗುಮ್ಮಟಕ್ಕೂ ನಡುವೆ ಸಾವಿರದೈನೂರು ವರ್ಷಗಳಿಗೂ ಹೆಚ್ಚಿನ ಅಂತರ. ಧರ್ಮ ಬೇರೆ, ಭಾಷೆ ಬೇರೆ, ಕಟ್ಟಡದ ರೀತಿ ಬೇರೆ. ಆದರೂ ಬಾಳುವ ಮನೆಗಿಂತ ನೆನಪಿನ ಮನೆಯನ್ನು ಗಟ್ಟಿಯಾಗಿ ಕಟ್ಟಬೇಕೆಂಬ ಮನಸ್ಸು ಒಂದೇ.

ಅದೇ ತಾಲ್ಲೂಕಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಹಿಡಕಲ್ ಜಲಾಶಯವಿದೆ. ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ದೇವಾಲಯ ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಮತ್ತೆ ತಲೆ ಎತ್ತುತ್ತದೆ. ಜನ ಹೋಗಿ ಕೈಮುಗಿದು ಬರುತ್ತಾರೆ. ಅದು ಪ್ರಾಚೀನ ಕಟ್ಟಡವೇನಲ್ಲ. ಆದರೆ ಊರೊಂದು ಅವಶೇಷವಾಗುವುದು ಶತ್ರುವಿನ ದಾಳಿಯಿಂದಲೇ ಆಗಬೇಕಾಗಿಲ್ಲ, ಹೊಲಕ್ಕೆ ನೀರು ಬೇಕೆಂಬ ಬದುಕಿನ ಅಗತ್ಯದಿಂದಲೂ ಆಗುತ್ತದೆ ಎಂಬುದನ್ನು ಅದು ನಮ್ಮ ಕಾಲದಲ್ಲಿಯೇ ತೋರಿಸಿಕೊಟ್ಟಿದೆ.

ಟಿಮ್‌ಗಾಡಿಗೂ ಕೂಂಡಿಯ ಪಟ್ಟಣಗಳಿಗೂ ಇರುವ ಮುಖ್ಯ ಭೇದ ಇಲ್ಲಿದೆ. ಟಿಮ್‌ಗಾಡ್ ಉಳಿದದ್ದು ಜನ ಅದನ್ನು ಬಿಟ್ಟುಹೋದದ್ದರಿಂದ. ಮರಳು ಅದನ್ನು ಮುಚ್ಚಿತು. 1881ರಲ್ಲಿ ಆರಂಭವಾದ ಉತ್ಖನನ ತೆರೆದಾಗ ಬೀದಿಗಳು ಇದ್ದಂತೆಯೇ ಇದ್ದವು. ಕೂಂಡಿಯ ಪಟ್ಟಣಗಳು ಕಣ್ಮರೆಯಾದದ್ದು ಜನ ಅವುಗಳನ್ನು ಬಿಡದೆ ಉಳಿದದ್ದರಿಂದ. ಕೊಂಡನೂರು ಕೊಣ್ಣೂರಾಗಿ, ಕಲ್ಪೊಳೆ ಕಲ್ಲೋಳಿಯಾಗಿ, ವೇಣುಗ್ರಾಮ ಬೆಳಗಾವಿಯಾಗಿ ಬದುಕುತ್ತಿವೆ. ಹಳೆಯ ಮನೆಯ ಕಲ್ಲು ಹೊಸ ಮನೆಯ ಪಾಯಕ್ಕೆ ಬಂದಿತು. ಉಪಾಸಕರು ಕಡಿಮೆಯಾದಲ್ಲಿ ಬಸದಿಯ ಕಂಬ ಇನ್ನೊಂದು ಗುಡಿಗೆ ಸೇರಿತು, ಕೆಲವೆಡೆ ಗರ್ಭಗುಡಿಯ ದೇವರೇ ಬದಲಾದನು. ಇದನ್ನೆಲ್ಲ ದ್ವೇಷದ ಕೃತ್ಯವೆಂದು ಸಾರಾಸಗಟಾಗಿ ಹೇಳುವುದು ಇತಿಹಾಸವಲ್ಲ. ಏನೂ ನಡೆಯಲಿಲ್ಲವೆಂದು ಮರೆಸುವುದೂ ಇತಿಹಾಸವಲ್ಲ. ಪ್ರತಿಯೊಂದು ಕಲ್ಲನ್ನೂ ಅದರ ಲಿಪಿ, ಶಿಲ್ಪ, ಇರುವ ಸ್ಥಳಗಳೊಡನೆ ಓದಿ, ಅದು ಹೇಳಿದಷ್ಟನ್ನೇ ಹೇಳುವುದು ಸಂಶೋಧಕನ ಧರ್ಮ. ಅನೇಕಾಂತದ ದೃಷ್ಟಿ ತತ್ತ್ವಶಾಸ್ತ್ರಕ್ಕೆ ಮಾತ್ರ ಮೀಸಲಾದುದಲ್ಲ, ಹಾಳುಗೋಡೆಯ ಮುಂದೆ ನಿಂತವನಿಗೂ ಅದು ಬೇಕು.

ಇಂದಿನ ಹೊಣೆ

ಜನ ಬಿಟ್ಟುಹೋದ ಊರಿಗೆ ಬೇಲಿ ಹಾಕಿ ಕಾವಲಿಡಬಹುದು. ಜನ ಬದುಕುತ್ತಿರುವ ಊರಿನಲ್ಲಿ ಅದು ಸಾಧ್ಯವಿಲ್ಲ. ಇಲ್ಲಿ ಅವಶೇಷಗಳ ರಕ್ಷಣೆ ಆಗಬೇಕಾದರೆ ಊರವರಿಗೆ ಅವುಗಳ ಮಾತು ತಿಳಿಯಬೇಕು. ಗುಡಿಯ ಅಂಗಳದಲ್ಲಿ ನಿಂತ ಶಾಸನಕ್ಕೆ ಸುಣ್ಣ ಬಳಿಯುವವನಿಗೂ ಹೊಲದ ಬದುವಿನ ಕಲ್ಲುಗೋರಿಯ ಚಪ್ಪಡಿಯನ್ನು ಹಳ್ಳಕ್ಕೆ ಹಾಸುವವನಿಗೂ ದುರುದ್ದೇಶವಿರುವುದಿಲ್ಲ. ಅದರಲ್ಲಿ ತನ್ನ ಊರಿನ ಹೆಸರಿದೆ, ತನ್ನ ಊರಿಗೆ ಬಸದಿ ಕಟ್ಟಿಸಿದ ಗಾವುಂಡನ ಹೆಸರಿದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ, ಅಷ್ಟೆ. ಆ ತಿಳಿವಳಿಕೆಯನ್ನು ಕೊಡಬೇಕಾದವರು ಹಳ್ಳಿಗೆ ಹತ್ತಿರದ ಶಾಲೆ, ಕಾಲೇಜುಗಳ ಕನ್ನಡ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು.

ಮಾಡಬೇಕಾದ ಕೆಲಸ ದೊಡ್ಡದಾದರೂ ಅದರ ಮೊದಲ ಹೆಜ್ಜೆಗಳು ಚಿಕ್ಕವು. ಪ್ರಕಟವಾದ ಶಾಸನಗಳ ಪಾಠವನ್ನು ಕೈಯಲ್ಲಿ ಹಿಡಿದು ಆಯಾ ಊರಿಗೆ ಹೋಗಿ ಕಲ್ಲು ಇಂದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಗುರುತು ಹಾಕಿಕೊಳ್ಳುವುದು ಒಂದು. ಶಾಸನದಲ್ಲಿ ಹೇಳಿದ ಎಲ್ಲೆಗಳ ಹಳ್ಳ, ಕೆರೆ, ದಾರಿ, ಊರುಗಳ ಹೆಸರುಗಳನ್ನು ಇಂದಿನ ಹೊಲಗಳ ಹೆಸರುಗಳೊಡನೆ ಹೋಲಿಸುವುದು ಇನ್ನೊಂದು. ಹೊಲಗಳ ಹೆಸರು ಹಿರಿಯರ ನಾಲಗೆಯ ಮೇಲಿವೆ. ಸರ್ವೆ ನಂಬರುಗಳು ಅವುಗಳ ಸ್ಥಾನವನ್ನು ಆಕ್ರಮಿಸುತ್ತಿವೆ. ಕಲ್ಲಿಗಿಂತ ಮೊದಲು ಅಳಿಯುವ ಅವಶೇಷ ಅದು. ಅದನ್ನು ದಾಖಲಿಸುವ ಕೆಲಸ ಮುಂದಿನ ತಲೆಮಾರಿಗೆ ಕಾಯಲಾರದು.

ನಿಧಿಯಮ ಗಾವುಂಡನೂ ರಾಜರಸನೂ ತಮ್ಮ ದಾನ ಚಂದ್ರಸೂರ್ಯರಿರುವವರೆಗೆ ನಡೆಯಬೇಕೆಂದು ಬಯಸಿದರು. ಅವರು ಬಿಟ್ಟ ಭೂಮಿ ಇಂದು ಯಾರ ಉಳುಮೆಯಲ್ಲಿದೆಯೋ! ಆದರೆ ಎಂಟುನೂರು ವರ್ಷಗಳ ಬಳಿಕವೂ ಅವರ ಊರುಗಳಲ್ಲಿ ಅವರ ಭಾಷೆಯನ್ನೇ ಆಡುವ ಜನರಿದ್ದಾರೆ. ರೊಗಾಟಿಯಾನಸನ ಊರಿನಲ್ಲಿ ಇಂದು ಲ್ಯಾಟಿನ್ ಆಡುವವರು ಯಾರೂ ಇಲ್ಲ. ಕಲ್ಲೋಳಿಯ ಬಾಲಕನೊಬ್ಬ ಹಳಗನ್ನಡದ ನಾಲ್ಕು ಅಕ್ಷರಗಳನ್ನು ಕಲಿತರೆ ಕಲ್ಪೊಳೆಯ ಶಾಸನದ ಮುಂದೆ ನಿಂತು ತನ್ನ ಊರಿನ ಹೆಸರನ್ನು ತಾನೇ ಓದಬಲ್ಲ. ಕೂಂಡಿ ಮೂರುಸಾಸಿರದ ಅವಶೇಷಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಬೇರೊಂದಿಲ್ಲ.